ಸಂಡಾಸಿಗೆ ಏಳು ಲಿವರಿನ ಬೀಗ

ದಹಿಸರ್‌ನಲ್ಲಿ ಬೆಳಿಗ್ಗೆ ಏಳೂವರೆಯ ಲೋಕಲ್ ಹತ್ತಿ ಜೋಗೇಶ್ವರಿಯಲ್ಲಿ ಇಳಿದು, ಸ್ಟೇಷನ್ನಿನ ಗೋಡೆಗೆ ಅಂಟಿಕೊಂಡ ತನ್ನ ನಾಲ್ಕಡಿ ಅಂಗಡಿಯ ಹಲಗೆ ತೆಗೆದು ಕೂತರೆ, ಹತ್ತು ಗಂಟೆಯೊಳಗೆ ಇಮಾಮಸಾಬನ ತಲೆ ಚಿಟ್ಟು ಹಿಡಿದುಹೋಗುತ್ತಿತ್ತು. ಬೀಗಗಳು ಪಾಪ, ಅವನಿಗೆ ಯಾವತ್ತೂ ತ್ರಾಸು ಕೊಟ್ಟವಲ್ಲ. ತುಕ್ಕು ಹಿಡಿದದ್ದು, ಚಾವಿ ಮುರಿದು ಒಳಗೇ ಉಳಿದದ್ದು, ಮಳೆಗಾಲಕ್ಕೆ ಬಿಗಿದುಕೊಂಡದ್ದು, ಎಲ್ಲವೂ ಎರಡು ಹನಿ ಎಣ್ಣೆಗೋ ಒಂದು ಸಣ್ಣ ಪೆಟ್ಟಿಗೋ ಮಾತು ಕೇಳುತ್ತಿದ್ದವು. ಮಾತು ಕೇಳದವರೆಂದರೆ ಗಿರಾಕಿಗಳು. ವಿಜಾಪುರದ ಇಂಡಿ ಕಡೆಯಿಂದ ಮುಂಬಯಿಗೆ ಬಂದು ಇಪ್ಪತ್ತೈದು ವರ್ಷ ಬೀಗ ಮಾರಿ, ಬೀಗ ರಿಪೇರಿ ಮಾಡಿ ಅವನು ಕಂಡುಕೊಂಡದ್ದು ಇಷ್ಟು: ಜನಕ್ಕೆ ತಮ್ಮ ಬಾಗಿಲು ಎಂಥದೆಂದೇ ಗೊತ್ತಿರುವುದಿಲ್ಲ, ಬೀಗ ಮಾತ್ರ ಆನೆಲಾಯಕ್ಕೆ ಹಾಕುವಂಥದು ಬೇಕು.

"ಸಾಬರ, ಎಲ್ಲಾಕ್ಕಿಂತ ದೊಡ್ಡದು ಕೊಡ್ರಿ," ಎನ್ನುತ್ತಾ ಬರುತ್ತಾನೆ ಒಬ್ಬ.

"ಬಾಗಲಾ ಎಂಥಾದ್ದು?"

"ಬಾಗಲಾ ಅಂದ್ರ ಬಾಗಲಾ."

"ಕಟಗೀದೋ, ತಗಡಿಂದೋ, ಪ್ಲೈವುಡ್ಡೋ?"

"ಪ್ಲೈವುಡ್ಡು."

"ಪ್ಲೈವುಡ್ಡಿಗೆ ಈ ಸೇರು ಭಾರದ್ದು ಯಾಕ ಬೇಕು? ನಿನ್ನ ಕೊಂಡಿ ಬಡದಿರೂದು ಅರ್ಧ ಇಂಚಿನ ಸ್ಕ್ರೂದಾಗ. ಕಳ್ಳ ಕೀಲಿ ಮುಟ್ಟೂದ ಇಲ್ಲ, ಕೊಂಡಿ ಕಿತ್ತು ಕೀಲಿ ಸಮೇತ ತಗೊಂಡು ಹೋಗ್ತಾನ. ಮೂಗಿಗಿಂತ ಮೂಗುತಿ ಭಾರ ಆತು ಇದು. ಎರಡಿಂಚಿನ ಸ್ಕ್ರೂ ಹಾಕಿಸು, ಸಣ್ಣ ಕೀಲಿ ಸಾಕು."

ಇಷ್ಟು ಹೇಳಿದರೆ ಗಿರಾಕಿಗೆ ಸಿಟ್ಟು ಬರುತ್ತಿತ್ತು. ತಾನು ಬಡವನೆಂದು ಸಾಬ ಸಣ್ಣದು ತೋರಿಸುತ್ತಾನೆ ಎಂದುಕೊಂಡು, ಎದುರಿನ ಅಂಗಡಿಗೆ ಹೋಗಿ ತೆಂಗಿನಕಾಯಿ ಗಾತ್ರದ ಬೀಗ ಕೊಂಡು, ಇಮಾಮಸಾಬನ ಕಣ್ಣಿಗೆ ಬೀಳುವಂತೆ ಕೈಯಲ್ಲಿ ತೂಗಾಡಿಸುತ್ತ ಹೋಗುತ್ತಿದ್ದ. ಹಾಗಂತ ಇಮಾಮಸಾಬ ಬಾಯಿ ಮುಚ್ಚಿಕೊಂಡು ಕೂರುವವನಲ್ಲ. ಬೀಗ ಕೇಳಿದವರಿಗೆಲ್ಲ ಮೂರು ಪ್ರಶ್ನೆ ಇದ್ದೇ ಇರುತ್ತಿದ್ದವು. ಬಾಗಿಲು ಯಾವುದರದು, ಒಳಗೆ ಏನಿದೆ, ದಿನಕ್ಕೆ ಯಾರು ಯಾರು ಎಷ್ಟು ಸಲ ತೆಗೆಯುತ್ತಾರೆ. ಮೂರಕ್ಕೂ ಉತ್ತರ ಬರದೆ ಅವನು ಗೋಡೆಯ ಮೊಳೆಯಿಂದ ಬೀಗ ಇಳಿಸುತ್ತಿರಲಿಲ್ಲ.

ಸೀನನ ಹೋಟೆಲಿನ ಕಥೆಯನ್ನಂತೂ ಅವನು ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದ. ಸೀನ ಉಡುಪಿ ಕಡೆಯವನು, ಜೋಗೇಶ್ವರಿಯ ಒಂದು ಹೋಟೆಲಿನಲ್ಲಿ ಮ್ಯಾನೇಜರು, ದಹಿಸರ್ ಚಾಳಿನಲ್ಲಿ ಇಮಾಮಸಾಬನ ಪಕ್ಕದ ಖೋಲಿಯವನು. ಸಕ್ಕರೆ ರೇಷನ್ನಿನಲ್ಲೂ ಸಿಗದ ಕಾಲ ಅದು. ಹೋಟೆಲಿನ ಸಕ್ಕರೆ ಕಪಾಟಿಗೆ ಅವನು ಮೂರು ತಿಂಗಳಲ್ಲಿ ಮೂರು ಬೀಗ ಬದಲಾಯಿಸಿದ. ಸಕ್ಕರೆ ಇಳಿಯುವುದು ನಿಲ್ಲಲಿಲ್ಲ.

"ಎಂತ ಮಾಡುದು ಸಾಯ್ಬರೆ, ಯಾವ ಬೀಗ ಹಾಕಿದರೂ ತೆಗೀತಾರೆ," ಎಂದು ಬಂದು ಕೂತ.

ಇಮಾಮಸಾಬ ಹೋದ. ಬೀಗದ ಕಡೆ ತಿರುಗಿಯೂ ನೋಡದೆ ಕಪಾಟನ್ನು ಗೋಡೆಯಿಂದ ಅರ್ಧ ಅಡಿ ಸರಿಸಿ, ಸಾಂಬಾರು ಬಡಿಸುವ ಸೌಟಿನ ಹಿಡಿಯಿಂದ ಹಿಂದಿನ ಹಲಗೆಯನ್ನು ಒಂದು ಸಲ ಮೀಟಿದ. ನಾಲ್ಕು ಸಣ್ಣ ಮೊಳೆಗೆ ನಿಂತಿದ್ದ ಹಲಗೆ ಕೈಗೇ ಬಂತು. "ಮುಂದ ಕೀಲಿ, ಹಿಂದ ಹೆಬ್ಬಾಗಲಾ. ನಿಮಗ ಕೀಲಿ ಬ್ಯಾಡ ಸೀನಣ್ಣ, ಎಂಟಾಣೆ ಮೊಳಿ ಬೇಕು," ಎಂದ. ಸೀನ ನಕ್ಕ. ಇಮಾಮಸಾಬನಿಗೆ ನಗು ಬರಲಿಲ್ಲ. ಇಷ್ಟೊಂದು ಮಂದಿ ಕಣ್ಣಿದ್ದೂ ಬಾಗಿಲು ನೋಡುವುದಿಲ್ಲವಲ್ಲ ಎಂದು ಅವನಿಗೆ ನಿಜವಾಗಿಯೂ ಸಂಕಟವಾಗುತ್ತಿತ್ತು.

ಊರಿಗೆಲ್ಲ ಬುದ್ಧಿ ಹೇಳುವ ಈ ಮನುಷ್ಯನಿಗೆ ಆ ವರ್ಷ ಮನೆಯಲ್ಲಿ ದೊಡ್ಡ ತಲೆನೋವು ಶುರುವಾಗಿತ್ತು. ಅವನ ಹೆಂಡತಿ ಅಖ್ತರಿಗೆ ಜ್ವರ ಬರುವುದು, ಹೋಗುವುದು. ಸೊಂಟದ ಹಿಂದೆ ನೋವು, ಉರಿಮೂತ್ರ. ಎಪ್ಪತ್ತೆರಡರ ಗಣೇಶನ ಹಬ್ಬದ ಹೊತ್ತಿಗೆ ಒಮ್ಮೆ, ರಮಜಾನ್ ಮುಗಿದ ಮೇಲೆ ಒಮ್ಮೆ, ಫೆಬ್ರುವರಿಯಲ್ಲಿ ಮತ್ತೊಮ್ಮೆ ಮಲಗಿದಳು. ಸ್ಟೇಷನ್ ಹತ್ತಿರದ ಡಾಕ್ಟರು ಕುಂದಾಪುರದ ಕಡೆಯವರು, ಮುಚ್ಚುಮರೆ ಇಲ್ಲದ ಮನುಷ್ಯ.

"ಇವರು ನೀರು ಕುಡಿಯುದೇ ಇಲ್ಲ ಮಾರಾಯ್ರೆ," ಎಂದರು ಇಮಾಮಸಾಬನಿಗೆ. "ಗುಳಿಗೆ ನಾನು ಕೊಡಬಹುದು, ನೀರು ನಾನು ಕುಡಿಸ್ಲಿಕ್ಕೆ ಆಗ್ತದಾ? ಬೆಳಿಗ್ಗೆಯಿಂದ ಸಂಜೆವರೆಗೆ ಗಂಟೆಗೊಂದು ಲೋಟ ಒಳಗೆ ಹೋಗಬೇಕು. ಮೂರನೇ ಸಲ ಇದು. ಇನ್ನೊಂದು ಸಲ ಬಂದರೆ ಕಿಡ್ನಿಗೆ ಏರ್ತದೆ. ಮತ್ತೆ ಹೆಂಡತಿ ಉಳಿಯುದು ಕಷ್ಟ, ಈಗಲೇ ಹೇಳಿದ್ದೇನೆ."

ಮಗಳು ರಹೀಮಾ ಮದುವೆಯಾಗಿ ಚೆಂಬೂರಿಗೆ ಹೋದ ಮೇಲೆ ಮನೆಯಲ್ಲಿ ಇಬ್ಬರೇ. ಅಖ್ತರಿ ಇಲ್ಲದ ಮನೆಯನ್ನು ನೆನೆಯಲಿಕ್ಕೂ ಅವನಿಗೆ ಧೈರ್ಯವಿರಲಿಲ್ಲ. ಹೆದರಿದ ಗಂಡಸರು ಮಾಡುವುದನ್ನೇ ಅವನೂ ಮಾಡಿದ, ಬೈಯಲು ಶುರುಮಾಡಿದ. ಹೊಸ ಮಣ್ಣಿನ ಮಡಕೆ ತಂದ. ಬಾರ್ಲಿ ತಂದ. ದಿನಾ ಬೆಳಿಗ್ಗೆ ಮಡಕೆ ಕಂಠಮಟ್ಟ ತುಂಬಿಸಿ, "ನಾ ಬರೂದರಾಗ ಇದು ಖಾಲಿ ಆಗಬೇಕು," ಎಂದು ಹೇಳಿ ಹೋಗುತ್ತಿದ್ದ. ಅವಳು ಹೂಂ ಎನ್ನುತ್ತಿದ್ದಳು. ಎಂಟು ಗಂಟೆಗೆ ಬಂದು ನೋಡಿದರೆ ಮಡಕೆ ಹೆಚ್ಚುಕಮ್ಮಿ ಹಾಗೇ ಇರುತ್ತಿತ್ತು. ಒಂದು ವಾರ ಖಾಲಿಯಾಯಿತು. ಖುಷಿಪಟ್ಟುಕೊಂಡ. ಆಮೇಲೆ ಬಾಗಿಲ ಬದಿಯ ಡಬ್ಬಿಯಲ್ಲಿ ಅವಳು ನೆಟ್ಟಿದ್ದ ಪುದೀನಾ ಎಂದೂ ಇಲ್ಲದಂತೆ ಸೊಕ್ಕಿ ನಿಂತದ್ದು ಕಣ್ಣಿಗೆ ಬಿತ್ತು.

"ಪುದೀನಾಕ್ಕ ಕಿಡ್ನಿ ಐತೇನ?" ಎಂದು ಕೂಗಾಡಿದ.

ಅಖ್ತರಿ ಊಟದ ಹೊತ್ತಿಗೆ ಎರಡು ತಂಬಿಗೆ ನೀರು ಗಟಗಟ ಕುಡಿದಳು. ದಿನಾ ಹಾಗೆಯೇ, ಅವನು ಬಂದ ಮೇಲೆ ಕುಡಿಯುತ್ತಾಳೆ, ಹಗಲು ತುಟಿಗೆ ತಾಗಿಸುವುದಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಇವಳದು, ತನ್ನನ್ನು ಗೋಳಾಡಿಸಲಿಕ್ಕೇ ಹೀಗೆ ಮಾಡುತ್ತಾಳೆ ಎಂದು ಅವನು ತೀರ್ಮಾನಿಸಿಬಿಟ್ಟ. ಹಟಕ್ಕೆ ಔಷಧಿ ಯಾವ ಡಾಕ್ಟರ ಹತ್ತಿರವೂ ಇಲ್ಲ ಎಂದು ಲೋಕಲ್‌ನಲ್ಲಿ ಗುರುತಿನವರಿಗೆಲ್ಲ ಹೇಳಿಕೊಂಡ.

ಇಲ್ಲಿ ಆ ಚಾಳಿನ ಸಂಡಾಸಿನ ವಿಷಯ ಹೇಳಲೇಬೇಕು. ಹನ್ನೆರಡು ಖೋಲಿಗೆ ಹಿಂದುಗಡೆ ನಾಲ್ಕು ಸಂಡಾಸು, ಮೂರು ಮನೆಗೆ ಒಂದು. ಇಮಾಮಸಾಬನ ಪಾಲುದಾರರೆಂದರೆ ಒಂದು ಕಡೆ ಸೀನನ ಸಂಸಾರ, ಅಂದರೆ ಅವನು, ಹೆಂಡತಿ ವಸಂತಿ, ತಾಯಿ ಅಪ್ಪಿ. ಇನ್ನೊಂದು ಕಡೆ ಬಿಸ್ಕತ್ತಿನ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುವ ಚನ್ನಬಸಯ್ಯ ಮತ್ತು ಅವನ ಊರಿನ ಮೂವರು. ಚಾಳಿನ ಹಿಂದೆಯೇ ತರಕಾರಿ ಮಾರ್ಕೆಟ್ಟು. ಮಾರ್ಕೆಟ್ಟಿನವರೆಲ್ಲ ಬಂದು ಹೋಗಿ ಸಂಡಾಸು ಕಾಲಿಡಲಾಗದಂತೆ ಆದಾಗ, ಬೀಗ ಹಾಕುವುದೆಂದು ಮೂರೂ ಮನೆಯವರು ಸೇರಿ ಮಾತಾಡಿದರು.

ಮೊದಲು ಹಾಕಿದ್ದು ಒಂದು ಸಾದಾ ಬೀಗ. ಚನ್ನಬಸಯ್ಯನ ಖೋಲಿಯ ನಾಲ್ವರೂ ಒಂದೊಂದು ಚಾವಿ ಮಾಡಿಸಿಕೊಂಡರು, ಅವರ ಬೀಗರು ಬಂದಾಗ ಅವರಿಗೂ ಒಂದು ಮಾಡಿಸಿದರು, ಹದಿನೈದು ದಿನದಲ್ಲಿ ಅರ್ಧ ಮಾರ್ಕೆಟ್ಟಿನ ಹತ್ತಿರ ಚಾವಿ ಇತ್ತು. ಆಮೇಲೆ ಸೀನ ಯಾರನ್ನೂ ಕೇಳದೆ ಬಜಾರಿನಿಂದ ನಂಬರಿನ ಬೀಗ ತಂದ. ಚಾವಿಯ ಗೊಡವೆಯೇ ಇಲ್ಲ, ನಾಲ್ಕು ಅಂಕಿ ತಿರುಗಿಸಿದರಾಯಿತು. ಅಪ್ಪಿಗೆ ಅಂಕಿ ನೆನಪುಳಿಯದು, ಚನ್ನಬಸಯ್ಯನಿಗೆ ರಾತ್ರಿಪಾಳಿ ಮುಗಿಸಿ ಬಂದರೆ ತನ್ನ ಹೆಸರೇ ನೆನಪಿರದು. ಅದಕ್ಕೆ ಸೀನ ಒಂದು ಉಪಾಯ ಮಾಡಿದ. ಸುಣ್ಣದ ಕಡ್ಡಿಯಿಂದ ಬಾಗಿಲ ಮೇಲೇ ನಾಲ್ಕೂ ಅಂಕಿ ಬರೆದ. ಕನ್ನಡದ ಅಂಕಿ.

"ಹೆದರಬೇಡಿ, ಈ ಮುಂಬಯಿಯಲ್ಲಿ ಇದನ್ನು ಓದುವವರು ಯಾರಿದ್ದಾರೆ?" ಎಂದ.

ಮಾರ್ಕೆಟ್ಟಿನಲ್ಲಿ ಗೋಣಿ ಹೊರುವ ಹಮಾಲರಲ್ಲಿ ಮುಕ್ಕಾಲು ಪಾಲು ವಿಜಾಪುರ, ಕಲಬುರ್ಗಿ ಕಡೆಯವರು. ಊರ ಅಂಕಿ ಕಂಡು ಅವರಿಗೆ ಬಹಳ ಸಂತೋಷವಾಯಿತು. ಸಾಲುಗಟ್ಟಿ ಬಂದರು.

ಆಗ ಇಮಾಮಸಾಬನಿಗೆ ರೋಸಿಹೋಯಿತು. ಬೀಗದವನ ಮನೆಯ ಸಂಡಾಸಿಗೇ ಬೀಗ ನಿಲ್ಲುವುದಿಲ್ಲ ಎಂದು ಚಾಳಿನವರು ನಗುತ್ತಿದ್ದರು. ಎಪ್ಪತ್ತೆರಡರ ಜೂನ್ ತಿಂಗಳ ಒಂದು ಭಾನುವಾರ ಅವನು ಅಂಗಡಿಯ ಅತ್ಯುತ್ತಮ ಮಾಲು ತಂದ. ಅಲೀಗಢದ ಹಿತ್ತಾಳೆ ಬೀಗ, ಏಳು ಲಿವರು, ಅಂದರೆ ಹೊಟ್ಟೆಯೊಳಗೆ ಏಳು ತಡೆಪಟ್ಟಿ, ಒತ್ತಿದರೆ ತಾನಾಗಿ ಮುಚ್ಚಿಕೊಳ್ಳುವಂಥದು. ತೆಗೆಯಬೇಕಾದರೆ ಮಾತ್ರ ಚಾವಿ ಬೇಕೇ ಬೇಕು. ಅದರ ಚಾವಿಯ ನಕಲು ಮಾಡುವುದು ರಸ್ತೆಯ ಚಾವಿವಾಲಾಗಳಿಂದ ಸಾಧ್ಯವಿರಲಿಲ್ಲ. ಮಾಡಬಲ್ಲವನು ಅವನೊಬ್ಬನೇ, ಅದೂ ಎರಡು ದಿನ ಕೂತು ಅರ ಹಾಕಿದರೆ. ಅವನಿಗೆ ಇನ್ನೊಂದು ಭಯವೂ ಇತ್ತು. ಚಾವಿ ಮಾಡುವವನ ಹಣೆಬರಹವೇ ಅಷ್ಟು, ಚಾಳಿನಲ್ಲಿ ಯಾರ ಮನೆಯ ತಾಟು ಕಳೆದರೂ ಎಲ್ಲರ ಕಣ್ಣು ಮೊದಲು ಅವನ ಬಾಗಿಲಿಗೆ ತಿರುಗುತ್ತದೆ. ಅದಕ್ಕೇ ಅವನು ಎಲ್ಲರ ಮುಂದೆ ಆಣೆ ಇಟ್ಟ.

"ಮೂರು ಚಾವಿ, ಮೂರು ಮನಿ. ನಾಲ್ಕನೇದು ನನ್ನ ಕೈಯಿಂದ ಹುಟ್ಟೂದಿಲ್ಲ. ಹುಟ್ಟಿದ್ರ ನನ್ನ ಕಳ್ಳ ಅನ್ರಿ."

ಸೀನನ ಮನೆಯ ಚಾವಿ ಅಪ್ಪಿಯ ಸೊಂಟಕ್ಕೆ ಹೋಯಿತು. ಚನ್ನಬಸಯ್ಯ ತನ್ನದನ್ನು ಜನಿವಾರಕ್ಕೆ ಕಟ್ಟಿಕೊಳ್ಳುವ ಬ್ರಾಹ್ಮಣರಂತೆ ಶಿವದಾರಕ್ಕೆ ಕಟ್ಟಿಕೊಂಡ. ಇಮಾಮಸಾಬನ ಚಾವಿ ಅವನ ಸೊಂಟದ ಗೊಂಚಲಿಗೆ ಸೇರಿತು. ಆ ಬೀಗ ನಿಂತಿತು. ಸಂಡಾಸು ಚೊಕ್ಕಟವಾಯಿತು. ಮಳೆ ಹೋಗಿ ಚಳಿ ಬಂದು, ಚಳಿ ಹೋಗಿ ಬಿಸಿಲು ಬಂತು, ಬೀಗ ಹೊಳೆಯುತ್ತಲೇ ಇತ್ತು. ದಿನಾ ಬೆಳಿಗ್ಗೆ ಅದನ್ನು ನೋಡಿ ಇಮಾಮಸಾಬ ಹೆಮ್ಮೆಪಡುತ್ತಿದ್ದ.

ಮಾರ್ಚ್ ತಿಂಗಳಲ್ಲಿ ಒಂದು ದಿನ ಬಂದ್ ಆಯಿತು. ಹನ್ನೆರಡರ ಹೊತ್ತಿಗೆ ಜೋಗೇಶ್ವರಿಯಲ್ಲಿ ಕಲ್ಲು ಬೀಳತೊಡಗಿದ್ದೇ ಇಮಾಮಸಾಬ ಹಲಗೆ ಹಾಕಿ, ಸಿಕ್ಕಿದ ಲೋಕಲ್ ಹಿಡಿದು ಎರಡು ಗಂಟೆಗೆ ಚಾಳು ಮುಟ್ಟಿದ. ಮನೆಯ ಬಾಗಿಲು ಚಿಲಕ ಹಾಕದೆ ಸುಮ್ಮನೆ ಎಳೆದುಕೊಂಡಿತ್ತು. ಅಖ್ತರಿ ಇರಲಿಲ್ಲ. ಮೂರು ದಿನದಿಂದ ಅವಳಿಗೆ ಮತ್ತೆ ಮೈ ಬೆಚ್ಚಗಿತ್ತು, ಎಲ್ಲಿಗೆ ಹೋದಳು ಎಂದು ಹುಡುಕುತ್ತ ಹಿಂದುಗಡೆ ಬಂದ.

ಅವಳು ಸಂಡಾಸಿನ ಮೆಟ್ಟಿಲ ಮೇಲೆ ಕೂತಿದ್ದಳು. ಬಿಸಿಲು ನೇರ ಮೈಮೇಲೆ ಬೀಳುತ್ತಿತ್ತು. ನೀರಿನ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿ ಹಿಡಿದಿದ್ದಳು, ಮುಖ ಸುಣ್ಣದಂತೆ ಬೆಳ್ಳಗಾಗಿತ್ತು, ಮೊಣಕಾಲುಗಳನ್ನು ಬಿಗಿದು ಹಿಡಿದು ಮುಂದಕ್ಕೆ ಬಾಗಿದ್ದಳು.

"ಇಲ್ಲಿ ಯಾಕ ಕುಂತಿ?"

"ಚನ್ನಬಸಯ್ನೋರ ಪಾಳಿ ಮೂರಕ್ಕ ಬಿಡ್ತೈತಿ," ಎಂದಳು.

ಅವನಿಗೆ ತಲೆಬುಡ ಹತ್ತಲಿಲ್ಲ. "ಅವರ ಪಾಳಿ ಬಿಟ್ರ ನಿನಗೇನು?"

"ಚಾವಿ."

ಅವನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಗೊಂಚಲಿನಲ್ಲಿ ಹನ್ನೊಂದು ಚಾವಿ. ಕತ್ತಲಲ್ಲೂ ಬೆರಳಿನಿಂದ ಗುರುತಿಸಬಲ್ಲವನು ಎರಡು ಸಲ ತಪ್ಪು ಚಾವಿ ತುರುಕಿದ. ಮೂರನೆಯದಕ್ಕೆ ಬೀಗ ಬಿಟ್ಟಿತು. ಅಖ್ತರಿ ಗೋಡೆ ಹಿಡಿದು ಎದ್ದು ಒಳಗೆ ಹೋದಳು. ಒಳಗಿನಿಂದ ಬಂದ ನರಳಾಟ ಕೇಳಿ ಇಮಾಮಸಾಬ ಬೀಗವನ್ನು ಕೈಯಲ್ಲಿ ಹಿಡಿದು ಹಾಗೇ ನಿಂತ.

ಮನೆಗೆ ಬಂದ ಮೇಲೆ ಸುಮ್ಮನಿರಬೇಕಿತ್ತು. ಸುಮ್ಮನಿರುವುದು ಅವನ ಸ್ವಭಾವದಲ್ಲೇ ಇರಲಿಲ್ಲ.

"ಬಾಜೂಕ ಅಪ್ಪಿ ಅದಾಳ. ಆಕೀ ಚಾವಿ ಕೇಳಾಕ ಏನಾಗಿತ್ತು ನಿನಗ?" ಎಂದು ಗದರಿದ.

"ಕೇಳೀನಿ. ಎರಡು ತಿಂಗಳು ಕೇಳೀನಿ," ಎಂದಳು ಅಖ್ತರಿ. "ಒಂದಿನ ಅವರ ಮನ್ಯಾಗ ಊರಿಂದ ಬಂದ ಗಂಡಸರು ಕುಂತಿದ್ರು. ಅವರ ಮುಂದ ಮುದುಕಿ, ‘ಪುನಃ ಹೋಗ್ಲಿಕ್ಕುಂಟಾ?’ ಅಂದ್ಲು. ಕೆಟ್ಟ ಮನಸಿನಿಂದ ಅಂದಿಲ್ಲ. ಆದ್ರ ಮರುದಿನದಿಂದ ನನಗ ಆ ಬಾಗಲಕ್ಕ ಕಾಲು ಏಳಲಿಲ್ಲ."

"ನನಗ ಚಾವಿ ಕೇಳಬೇಕಿತ್ತು."

"ನಿಮಗೂ ಕೇಳೀನಿ. ‘ಗೂಟಕ್ಕ ಚಾವಿ ತೂಗಹಾಕೂದಾದ್ರ ಕೀಲಿ ಯಾಕ ಬೇಕು’ ಅಂದ್ರಿ. ‘ಮುಂಜಾನೆ ನಾ ಹೋಗೂ ಮುಂದ, ಸಂಜೀಕ ಬಂದ ಮ್ಯಾಲ, ಸಾಕಲ್ಲ’ ಅಂದ್ರಿ." ಅವಳ ದನಿ ಏರಿತು. "ಗಂಡಸರಿಗೆ ಮುಂಬಯಿ ತುಂಬ ಗೋಡಿ ಅದಾವ. ನಮಗೇನೈತಿ? ನೀರು ಕುಡದ್ರ ಹೋಗಬೇಕಾಗ್ತೈತಿ. ಹೋಗಾಕ ಬಾಗಲಾ ಇಲ್ಲ. ಅದಕ್ಕ ಕುಡೀಲಿಲ್ಲ. ಇದರಾಗ ಹಟ ಎಲ್ಲಿ ಬಂತು? ಒಂಬತ್ತು ತಿಂಗಳಿಂದ ತಡಕೊಂಡೀನಿ, ಮ್ಯಾಲ ನಿಮ್ಮ ಕಡಿಂದ ಬೈಸಿಕೊಂಡೀನಿ. ಮನೆಗೆ ಮಾರಿ, ಊರಿಗೆ ಉಪಕಾರಿ ಅಂದ್ರ ನೀವ ನೋಡ್ರಿ."

ಗೂಟದ ಆ ಮಾತು ತಾನೇ ಆಡಿದ್ದು ಅವನಿಗೆ ನೆನಪಾಯಿತು. ಆಡಿದ ದಿನ ಎಷ್ಟು ಚೆನ್ನಾಗಿ ಹೇಳಿದೆ ಎಂದು ಬೀಗಿದ್ದೂ ನೆನಪಾಯಿತು. ಸಿಟ್ಟು ಮಾತ್ರ ಹಾಗೇ ಇತ್ತು, ಅದನ್ನು ಯಾರ ಮೇಲೆ ಹಾಕಬೇಕೆಂದು ತಿಳಿಯದೆ ಸ್ಕ್ರೂ ಡ್ರೈವರ್ ಹುಡುಕಿಕೊಂಡು ಹಿಂದುಗಡೆ ನಡೆದ.

ಕೊಂಡಿಯನ್ನು ಅವನೇ ಎರಡಿಂಚಿನ ಸ್ಕ್ರೂ ಹಾಕಿ ಬಿಗಿದಿದ್ದ. ಒಂದೊಂದನ್ನೂ ತೆಗೆಯಲು ಅವನ ಅಂಗೈ ಸುಲಿಯಿತು. ಅಷ್ಟರಲ್ಲಿ ಪಾಳಿ ಮುಗಿಸಿ ಬಂದ ಚನ್ನಬಸಯ್ಯ ಮೈಮೇಲಿನ ಬಿಸ್ಕತ್ತಿನ ಹಿಟ್ಟು ಕೊಡವಿಕೊಳ್ಳುತ್ತ ಎದುರು ನಿಂತ.

"ಇದೇನು ಮಾಡಾಕ ಹತ್ತೀರಿ ಸಾಬರ? ಮತ್ತ ಮಾರ್ಕೆಟ್ ಮಂದಿ ಎಲ್ಲಾ ನುಗ್ಗತಾರಲ್ಲ."

"ನುಗ್ಗಲಿ."

"ಹೊಲಸು ಮಾಡತಾರ."

"ಮಾಡಲಿ. ಮುಂಜಾನೆ ಎದ್ದು ನಾ ತೊಳೀತೀನಿ. ನೀವು ಮೂಗು ಮುಚಗೊಂಡು ನಿಮ್ಮ ಕೆಲಸ ಮುಗಿಸಿ ಹೋಗ್ರಿ ಅಯ್ನೋರ, ನನ್ನ ತಲಿ ತಿನ್ನಬ್ಯಾಡ್ರಿ."

ಸದ್ದು ಕೇಳಿ ವಸಂತಿ ಬಂದಳು, ಅವಳ ಹಿಂದೆ ಸೊಂಟದ ಚಾವಿಯ ಮೇಲೆ ಕೈಯಿಟ್ಟುಕೊಂಡ ಅಪ್ಪಿ. "ಒಳ್ಳೇ ಬೀಗ, ತೆಗೀಬೇಡಿ ಸಾಯ್ಬರೆ," ಎಂದಳು ಮುದುಕಿ. ವಸಂತಿ ಅತ್ತೆಯ ಎದುರು ಎಂದೂ ಮಾತಾಡಿದವಳಲ್ಲ. ಅಂದು ಮಾತಾಡಿದಳು.

"ತೆಗೀಲಿ ಅತ್ತೆ. ನಾನೂ ದಿನಾ ನಿಮ್ಮ ಹತ್ತಿರ ಕೇಳಿಯೇ ಹೋಗುದು. ನಂಗೂ ಸಾಕಾಗಿದೆ," ಎಂದಳು. ಅಪ್ಪಿ ಸೊಂಟದ ಚಾವಿಯ ಮೇಲಿಂದ ಕೈ ತೆಗೆದಳು.

ಇಮಾಮಸಾಬ ಆ ಬಾಗಿಲಿಗೆ ಬೇಕಾದದ್ದನ್ನೇ ಹಾಕಿದ. ಹೊರಗೆ ನಾಯಿ ನುಗ್ಗದಂತೆ ತಿರುಗಿಸುವ ಒಂದು ಕಟ್ಟಿಗೆಯ ತುಂಡು, ಒಳಗೆ ಒಂದು ಗಟ್ಟಿ ಚಿಲಕ, ಅಷ್ಟೇ. ಒಟ್ಟು ಖರ್ಚು ಹನ್ನೆರಡಾಣೆಯೂ ಆಗಲಿಲ್ಲ. ಸಂಜೆಯೊಳಗೆ ಚಾಳಿನ ತುಂಬ ಸುದ್ದಿಯಾಯಿತು, ಕೀಲಿಸಾಬನಿಗೆ ತಲೆ ಕೆಟ್ಟಿದೆ ಎಂದರು. ಅದಕ್ಕೆ ಮೊದಲೇ, ಬಿಸಿಲು ಇನ್ನೂ ಅಂಗಳದಲ್ಲಿರುವಾಗಲೇ, ಅವನು ಸುಲಿದ ಕೈ ತೊಳೆದುಕೊಂಡು ಮನೆಯೊಳಗೆ ಹೋಗಿದ್ದ.

ಅಖ್ತರಿ ಗೋಡೆಗೆ ಒರಗಿ ಕೂತಿದ್ದಳು. ಹಣೆ ಮುಟ್ಟಿ ನೋಡಿದ, ಸುಡುತ್ತಿತ್ತು. ಸಂಜೆಗೆ ಡಾಕ್ಟರ ಹತ್ತಿರ ಹೋಗಲೇಬೇಕು, ಅವರ ಮುಂದೆ ಇದನ್ನೆಲ್ಲ ಹೇಳಲೂಬೇಕು. ಮಡಕೆಯಿಂದ ತಂಬಿಗೆ ತುಂಬಿಸಿ ಅವಳ ಮುಂದೆ ಹಿಡಿದ. "ಕೀಲಿ ತಗದೀನಿ," ಎಂದಷ್ಟೇ ಹೇಳಿದ.

ಅವಳು ಅವನ ಕೈ ನೋಡಿದಳು. ಹಿಂದುಗಡೆ ಸಂಡಾಸಿನ ಕಡೆಗೊಮ್ಮೆ ನೋಡಿದಳು. ಆಮೇಲೆ ತಂಬಿಗೆ ಎತ್ತಿ ಕುಡಿಯತೊಡಗಿದಳು. ನಡುವೆ ಉಸಿರಿಗೂ ನಿಲ್ಲಿಸಲಿಲ್ಲ. ನೀರು ಗದ್ದದಿಂದ ಇಳಿದು ಸೆರಗು ತೊಯ್ಯಿತು. ಸಾವಕಾಶ ಕುಡಿ ಎಂದು ಗದರಲು ಹೊರಟವನು ಬಾಯಿ ಬಿಗಿಹಿಡಿದ. ಅವಳು ಖಾಲಿ ತಂಬಿಗೆಯನ್ನು ಅವನ ಮುಂದೆ ಚಾಚಿದಳು.

"ಹಗಲ್ಯಾಗ ನೀರು ಇಷ್ಟು ತಂಪ ಇರ್ತಾವು ಅನ್ನೂದ ಮರತಬಿಟ್ಟಿದ್ದೆ," ಎಂದಳು. "ಇನ್ನೊಂದು ಕೊಡ್ರಿ."